ಬೋರ್ಡೋ ದ್ರಾವಣ 1% ಬರದಿದ್ದದ್ದು ಡ್ರಮ್ಮಿನಿಂದ

ಅಡಿಕೆ ಕೊಳೆರೋಗಕ್ಕೆ ಹೊಡೆಯುವ ದ್ರಾವಣ ನೋಡಲು ತೆಳುವಾಗಿತ್ತು. ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆಜಿ, ಸುಣ್ಣ 1 ಕೆಜಿ, ತೂಕ ಸರಿಯೇ ಇತ್ತು. ತಪ್ಪು ಡ್ರಮ್ಮಿನಲ್ಲಿತ್ತು: ನೂರು ಲೀಟರಿನದ್ದೆಂದುಕೊಂಡ ಡ್ರಮ್ಮನ್ನು 10 ಲೀಟರ್ ಬಕೆಟ್ಟಿನಿಂದ ತುಂಬಿಸಿ ನೋಡಿದರೆ ಹನ್ನೆರಡೂವರೆ ಬಕೆಟ್ ಹಿಡಿಯಿತು.

1% ಎಂದರೆ 100 ಲೀಟರಿಗೆ 1 ಕೆಜಿ, ಅಂದರೆ ಲೀಟರಿಗೆ 10 ಗ್ರಾಂ. 1 ಕೆಜಿಯನ್ನು 125 ಲೀಟರಿಗೆ ಹಾಕಿದರೆ 1 ÷ 125 × 100 = 0.8%. 0.2 ತಾನೇ ಎನ್ನಬೇಡಿ, ಇರಬೇಕಾದ ಮೈಲುತುತ್ತದಲ್ಲಿ ಐದನೇ ಒಂದು ಪಾಲು, ಅಂದರೆ 20% ಕಡಿಮೆಯಾಯಿತು. ಮಳೆಗಾಲದಲ್ಲಿ ಅದು ಸಣ್ಣ ಮಾತಲ್ಲ.

ಈಗ ಡ್ರಮ್ಮಿಗೆ 100 ಲೀಟರಿನ ಮಟ್ಟಕ್ಕೆ ಪೇಂಟಿನ ಗೆರೆ ಎಳೆದಿದೆ. ಪೂರ್ತಿ 125 ಲೀಟರ್ ಬೇಕಿದ್ದರೆ ಮೈಲುತುತ್ತ, ಸುಣ್ಣ ಎರಡೂ 1.25 ಕೆಜಿ. 16 ಲೀಟರಿನ ಬೆನ್ನಿನ ಪಂಪಿಗೆ 160 ಗ್ರಾಂ, 160 ಗ್ರಾಂ.

ಅರ್ಧ ನೀರಿನಲ್ಲಿ ಮೈಲುತುತ್ತ ಕರಗಿಸಿ, ಇನ್ನರ್ಧದಲ್ಲಿ ಸುಣ್ಣ ಕದಡಿ ಸೋಸಿ. ಪಾತ್ರೆ ಪ್ಲಾಸ್ಟಿಕ್ಕಿನದೇ ಇರಲಿ, ಕಬ್ಬಿಣ ಬೇಡ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ನಂತರ ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ. ಕೆಂಪು ಲೇಪ ಕಂಡರೆ ಸುಣ್ಣದೊಂದಿಗೆ ಸೇರದ ತಾಮ್ರ ಉಳಿದಿದೆ, ಸೋಗೆ-ಕಾಯಿ ಸುಡಬಹುದು. ಲೇಪ ಬರುವುದು ನಿಲ್ಲುವವರೆಗೆ ಸ್ವಲ್ಪಸ್ವಲ್ಪ ಸುಣ್ಣದ ನೀರು ಸೇರಿಸಿ. ಹಳೆಯ, ಗಾಳಿಗೆ ತೆರೆದಿಟ್ಟ ಸುಣ್ಣಕ್ಕೆ ಶಕ್ತಿ ಕಡಿಮೆ, ಹಾಗಾಗಿ ತೂಕ ಸರಿಯಿದ್ದರೂ ಈ ಪರೀಕ್ಷೆ ತಪ್ಪಿಸಬಾರದು. ಕಲಸಿದ್ದನ್ನು ಅದೇ ದಿನ ಹೊಡೆದು ಮುಗಿಸಿ.