ಗುಜರಿಗೆ ಹೋಗಬೇಕಿದ್ದ ರಿಸೀವರ್‌ನಲ್ಲಿ 5.1: ನನ್ನ ಅನುಭವ

“ಗುಜರಿಗೆ ಹಾಕೋ ಇದನ್ನ.” ನಾನು ಸೆಕೆಂಡ್ ಹ್ಯಾಂಡ್ ಎವಿ ರಿಸೀವರ್ ಹೊತ್ತುಕೊಂಡು ಬಂದ ದಿನ ಗೆಳೆಯ ಹೇಳಿದ ಮೊದಲ ಮಾತು ಇದು. ಎವಿ ರಿಸೀವರ್ ಅಂದರೆ ಸಿನಿಮಾದ, ಕಂಪ್ಯೂಟರ್‌ನ ಸದ್ದು ತೆಗೆದುಕೊಂಡು ಸ್ಪೀಕರ್‌ಗಳನ್ನು ನಡೆಸುವ ಆಂಪ್ಲಿಫೈಯರ್ ಡಬ್ಬ; 5.1 ಅಂದರೆ ಸುತ್ತ ಐದು ಸ್ಪೀಕರ್, ಬೇಸ್‌ಗೆ ಒಂದು ಸಬ್‌ವೂಫರ್. ಅವನದೂ ತಪ್ಪಲ್ಲ ಬಿಡಿ. ಹತ್ತು ಹನ್ನೊಂದು ಕೆಜಿ ತೂಕ, ಡಿಸ್‌ಪ್ಲೇಯಲ್ಲಿ ಅರ್ಧ ಅಕ್ಷರ ಮಂಕು, ರಿಮೋಟ್ ಇಲ್ಲ. ಬ್ಲೂ-ರೇ ಸಿನಿಮಾಗಳಲ್ಲಿ ಬರುವ ಆಡಿಯೊ ಫಾರ್ಮ್ಯಾಟ್‌ಗಳಾದ ಟ್ರೂಎಚ್‌ಡಿ ಇಲ್ಲ, ಡಿಟಿಎಸ್-ಎಚ್‌ಡಿ ಇಲ್ಲ. ತಲೆಯ ಮೇಲಿಂದಲೂ ಸದ್ದು ತರುವ ಅಟ್ಮಾಸ್ ಅಂತೂ ಅದು ತಯಾರಾದ ಕಾಲಕ್ಕೆ ಹುಟ್ಟೇ ಇರಲಿಲ್ಲ. “ಈಗಿನ ಆಡಿಯೊ ಒಂದೂ ಇದಕ್ಕೆ ಅರ್ಥ ಆಗಲ್ಲ, ಇಟ್ಕೊಂಡು ಏನ್ ಮಾಡ್ತೀಯ?” ಎಂದ. ಅರ್ಥ ಮಾಡಿಕೊಳ್ಳುವ ಕೆಲಸ ಕಂಪ್ಯೂಟರ್‌ದು, ಇದು ಸುಮ್ನೆ ಸದ್ದು ಮಾಡಿದರೆ ಸಾಕು ಎಂದೆ. ನಕ್ಕುಬಿಟ್ಟ. ಎರಡು ವರ್ಷ ಆಗುತ್ತಾ ಬಂತು, ಅದೇ ಡಬ್ಬಾ ಈಗಲೂ ನಡೆಯುತ್ತಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿಗೆ ಬರುವ ಮೊದಲು ನಾನು ಕಳೆದ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಒಟ್ಟು ಖರ್ಚಿನಲ್ಲಿ ನೂರಕ್ಕೆ ನಲವತ್ತರಷ್ಟು ಈಗ ನನ್ನ ಹತ್ತಿರ ಇಲ್ಲದ ಸಾಮಾನಿಗೆ ಹೋಗಿದೆ. ಮಾರಿದಾಗ ಅರ್ಧಕ್ಕಿಂತ ಕಡಿಮೆ ವಾಪಸ್ ಬಂತು.

ಮೊದಲು ತಂದದ್ದು ಕಂಪ್ಯೂಟರ್‌ಗೆಂದೇ ಮಾರುವ 5.1 ಸೆಟ್. ಮೂರು ಪಿನ್, ಹಸಿರು, ಕಪ್ಪು, ಕಿತ್ತಳೆ, ಮದರ್‌ಬೋರ್ಡ್ ಹಿಂದೆ ಚುಚ್ಚಿದರೆ ಆಯಿತು. ಮೊದಲ ವಾರ ಮಾತೆಲ್ಲ ಸಬ್‌ವೂಫರ್‌ನಿಂದ ಗೊಣಗಿದಂತೆ ಬರುತ್ತಿತ್ತು, ಬೇಸ್ ಸೆಂಟರ್‌ನಿಂದ ಗಡಗಡ. ಸೆಟ್ ಕೆಟ್ಟಿದೆ ಎಂದು ವಾಪಸ್ ಕೊಡಲು ಹೊರಟಿದ್ದೆ. ಆಮೇಲೆ ಗೊತ್ತಾಯಿತು, ಕಿತ್ತಳೆ ಪಿನ್ನಿನಲ್ಲಿ ಸೆಂಟರ್ ಮತ್ತು ಸಬ್ ಎರಡೂ ಹೋಗುತ್ತವೆ, ಕೆಲವು ಸೆಟ್‌ಗಳಲ್ಲಿ ಅವು ಅದಲುಬದಲು. ಸೌಂಡ್ ಡ್ರೈವರ್‌ನಲ್ಲಿ ಒಂದು ಟಿಕ್ ಹಾಕಿದರೆ ಸರಿ. ಅದು ಸರಿಯಾದರೂ ಹಿಂದೆ ಒಂದು ಗುಂಯ್ ಸದ್ದು ಉಳಿದೇ ಬಿಟ್ಟಿತು. ಗ್ರಾಫಿಕ್ಸ್ ಕಾರ್ಡ್ ಕೆಲಸ ಮಾಡಿದಾಗಲೆಲ್ಲ ಸ್ಪೀಕರ್‌ನಲ್ಲಿ ಕಿರ್ ಎನ್ನುವುದು, ಮೌಸ್ ಎಳೆದರೂ ಕೇಳುವುದು. ಅಗ್ಗದ ಅನಲಾಗ್ ಲೈನ್ ಕಂಪ್ಯೂಟರ್ ಡಬ್ಬದೊಳಗಿಂದ ಬಂದರೆ ಹೀಗೇ. ಕಾಸಿಗೆ ತಕ್ಕ ಕಜ್ಜಾಯ.

ಎರಡನೆಯದು ಒಂದೇ ಪೆಟ್ಟಿಗೆಯಲ್ಲಿ ಎಲ್ಲ ಬರುವ ಹೋಮ್ ಥಿಯೇಟರ್. ಇದಕ್ಕೆ ಆಪ್ಟಿಕಲ್ ಎಂಬ ಡಿಜಿಟಲ್ ಇನ್‌ಪುಟ್ ಇತ್ತು. ಗುಂಯ್ ಸದ್ದು ಮಾಯ, ಯಾಕೆಂದರೆ ಆಪ್ಟಿಕಲ್ ಕೇಬಲ್‌ನಲ್ಲಿ ಕರೆಂಟಿನ ಸಂಬಂಧವೇ ಇಲ್ಲ, ಬರೀ ಬೆಳಕು. ಡಿವಿಡಿ ಹಾಕಿದರೆ 5.1 ಚೆನ್ನಾಗಿ ಬಂತು. ಗೇಮ್ ಹಾಕಿದೆ, ಹಿಂದಿನ ಎರಡೂ ಸ್ಪೀಕರ್ ಸತ್ತಂತೆ ಬಿದ್ದಿದ್ದವು. ಆಪ್ಟಿಕಲ್‌ನಲ್ಲಿ ಪಿಸಿಎಂ, ಅಂದರೆ ಹಿಂಡದ ಡಿಜಿಟಲ್ ಸದ್ದು, ಕಳಿಸಿದರೆ ಎರಡೇ ಚಾನೆಲ್, 5.1 ಬೇಕಾದರೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಆಗಿ ಹಿಂಡಿ ಕಳಿಸಬೇಕು ಅಂತ ನನಗೆ ಆಗ ಗೊತ್ತಿರಲಿಲ್ಲ. ಸದ್ದನ್ನು ಆಗಿಂದಾಗಲೇ ಹಾಗೆ ಹಿಂಡುವ ಡಾಲ್ಬಿ ಡಿಜಿಟಲ್ ಲೈವ್ ಇರುವ ಸೌಂಡ್ ಕಾರ್ಡ್ ತಂದು ಅದನ್ನೂ ನೋಡಿದೆ. ಸದ್ದು ಐದೂ ಕಡೆ ಬಂತು, ಆದರೆ ತಡವಾಗಿ ಬಂತು. ಗುಂಡು ಹಾರಿಸಿ, ಶತ್ರು ಬಿದ್ದ ಮೇಲೆ ಢಂ. ಸಿನಿಮಾಕ್ಕೆ ಪರವಾಗಿಲ್ಲ, ಆಟಕ್ಕೆ ಆಗುವುದಿಲ್ಲ.

ಆ ಪೆಟ್ಟಿಗೆಯ ಇನ್ನೊಂದು ಕಾಟ ಆಮೇಲೆ ಗೊತ್ತಾಯಿತು. ಅದರ ಸ್ಪೀಕರ್‌ಗಳು 3 ಓಮ್ (ಓಮ್ ಕಡಿಮೆಯಾದಷ್ಟೂ ಆಂಪ್ಲಿಫೈಯರ್‌ಗೆ ಭಾರ ಹೆಚ್ಚು), ಸಬ್‌ವೂಫರ್‌ಗೆ ಸ್ವಂತ ಆಂಪ್ಲಿಫೈಯರ್ ಇಲ್ಲ. ಅಂದರೆ ಮುಂದೆ ಬೇರೆ ರಿಸೀವರ್ ತಂದರೂ ಈ ಸ್ಪೀಕರ್‌ಗಳನ್ನು ನೆಮ್ಮದಿಯಾಗಿ ಅದಕ್ಕೆ ಹಾಕುವಂತಿಲ್ಲ. ಎಲ್ಲವೂ ಒಂದಕ್ಕೊಂದು ಅಂಟಿಕೊಂಡೇ ಹುಟ್ಟಿವೆ, ಮಾರುವುದಾದರೂ ಒಟ್ಟಿಗೇ ಮಾರಬೇಕು.

ಇಷ್ಟಾದ ಮೇಲೆ ಬಿಡಿಬಿಡಿಯಾಗಿ ಕಟ್ಟುವುದೇ ದಾರಿ ಎಂದು ಖಾತ್ರಿ ಆಯಿತು. ಹೊಸ ರಿಸೀವರ್ ಬೆಲೆ ನೋಡಿದರೆ ನನ್ನ ಇಡೀ ಬಜೆಟ್ ಅದಕ್ಕೇ ಹೋಗುತ್ತಿತ್ತು. ಆಗ ಹೊಳೆದದ್ದು ಇಷ್ಟೇ. ಹೊಸ ರಿಸೀವರ್‌ಗೆ ನಾವು ಕೊಡುವ ದುಡ್ಡಿನಲ್ಲಿ ಒಂದು ಪಾಲು ಹೊಸ ಫಾರ್ಮ್ಯಾಟ್‌ಗಳಿಗೆ ಮತ್ತು ಹೊಸ ವಿಡಿಯೊ ಪೋರ್ಟ್‌ಗಳಿಗೆ. ನನ್ನ ಹತ್ತಿರ ಆಗಲೇ ಕಂಪ್ಯೂಟರ್ ಇದೆ. ಟ್ರೂಎಚ್‌ಡಿ ಆಗಲಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಆಗಲಿ, ಅದರಲ್ಲಿರುವ ಸಿನಿಮಾ ಪ್ಲೇಯರ್ ಸಾಫ್ಟ್‌ವೇರ್ ಕೋಡಿಯೇ ಬಿಚ್ಚಿ ಪಿಸಿಎಂ ಮಾಡಿ ಕೊಡುತ್ತದೆ. ಎಚ್‌ಡಿಎಂಐ ತನ್ನ ಮೊದಲ ಆವೃತ್ತಿಯಿಂದಲೇ ಎಂಟು ಚಾನೆಲ್ ಪಿಸಿಎಂ ಹೊರಬಲ್ಲದು. ಟ್ರೂಎಚ್‌ಡಿಯನ್ನು ಬಿಚ್ಚದೆ ಹಾಗೇ ಕಳಿಸಬೇಕಾದರೆ ಮಾತ್ರ 1.3 ಬೇಕು, ಅದು ಬಂದದ್ದು 2006ರಲ್ಲಿ. ಏನೂ ಕಳೆಯದೆ ಹಿಂಡುವ ಲಾಸ್‌ಲೆಸ್ ಅಂದಮೇಲೆ ಎಲ್ಲಿ ಬಿಚ್ಚಿದರೂ ಅದೇ ಅಂಕಿಗಳು, ಅಲ್ವಾ? ರಿಸೀವರ್ ಮುಂದಿನ ದೀಪ “ಟ್ರೂಎಚ್‌ಡಿ” ಎಂದು ಹೊತ್ತಿಕೊಳ್ಳುವುದಿಲ್ಲ, “ಮಲ್ಟಿ ಪಿಸಿಎಂ” ಎಂದು ಹೊತ್ತಿಕೊಳ್ಳುತ್ತದೆ. ಆ ದೀಪಕ್ಕಾಗಿಯೇ ದುಡ್ಡು ಕೊಡುವವರಿದ್ದಾರೆ, ಕೊಡಲಿ.

ಒಂದು ನಷ್ಟ ಇದೆ, ಮುಚ್ಚಿಡುವುದಿಲ್ಲ. ಅಟ್ಮಾಸ್‌ನ ಮೇಲ್ಛಾವಣಿಯ ಸದ್ದು ಹೀಗೆ ಬಿಚ್ಚಿದರೆ ಪ್ರತ್ಯೇಕವಾಗಿ ಸಿಗುವುದಿಲ್ಲ, ಸುತ್ತಲಿನ ಚಾನೆಲ್‌ಗಳಲ್ಲೇ ಬೆರೆತು ಬರುತ್ತದೆ. ಛಾವಣಿಗೆ ಸ್ಪೀಕರ್ ಹಾಕುವವರು ಈ ದಾರಿ ಹಿಡಿಯಬೇಡಿ. ನನಗೆ ಛಾವಣಿ ಕೊರೆಯುವ ಯೋಗ ಇರಲಿಲ್ಲ.

ಹಳೆ ರಿಸೀವರ್ ಕೊಳ್ಳುವಾಗ ನೋಡಬೇಕಾದ ಒಂದೇ ಒಂದು ಸಂಗತಿ ಇದೆ, ಇದರಲ್ಲಿ ನಾನೂ ಒಮ್ಮೆ ಬಿದ್ದಿದ್ದೇನೆ. ಹಿಂದೆ ಎಚ್‌ಡಿಎಂಐ ತೂತು ಇದ್ದ ಮಾತ್ರಕ್ಕೆ ಅದು ಸದ್ದನ್ನು ತೆಗೆದುಕೊಳ್ಳುತ್ತದೆ ಅಂತಲ್ಲ. ಆರಂಭದ ಕೆಲವು ಮಾಡೆಲ್‌ಗಳು ಎಚ್‌ಡಿಎಂಐಯನ್ನು ಬರೀ ಟಿವಿಗೆ ದಾಟಿಸುತ್ತವೆ, ಒಳಗಿನ ಆಡಿಯೊ ಮುಟ್ಟುವುದೇ ಇಲ್ಲ. ಈಗಿರುವುದಕ್ಕೂ ಮೊದಲು ತಂದಿದ್ದ ನನ್ನ ರಿಸೀವರ್ ಅಂಥದ್ದೇ. ಬಿಟ್ಟರೆ ಆಗುವುದಿಲ್ಲವೆಂದು ಅದರ ಹಿಂದಿದ್ದ ಆರು ಆರ್‌ಸಿಎ ಅನಲಾಗ್ ಇನ್‌ಪುಟ್‌ಗೆ ಸೌಂಡ್ ಕಾರ್ಡ್ ಕಟ್ಟಿದೆ. ಸದ್ದು ಬಂತು, ಆದರೆ ಆ ದಾರಿಯಲ್ಲಿ ಕ್ರಾಸ್‌ಓವರ್ (ಬೇಸ್ ಬೇರೆ ಮಾಡಿ ಸಬ್‌ಗೆ ಕಳಿಸುವುದು) ಇಲ್ಲ, ಡಿಲೇ (ಸ್ಪೀಕರ್ ದೂರಕ್ಕೆ ತಕ್ಕಂತೆ ಸದ್ದು ತಡಮಾಡುವುದು) ಇಲ್ಲ, ಸೆಟಪ್ ಮೆನುವಿನಲ್ಲಿ ಏನು ಬದಲಿಸಿದರೂ ಅದಕ್ಕೆ ಲೆಕ್ಕಕ್ಕಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಮೂರು ತಿಂಗಳು ಒದ್ದಾಡಿ ಮಾರಿದೆ. ಈಗ ಕೊಳ್ಳುವ ಮೊದಲೇ ಮ್ಯಾನುಯಲ್ ಇಳಿಸಿಕೊಂಡು ಎಚ್‌ಡಿಎಂಐ ಪುಟದಲ್ಲಿ ಮಲ್ಟಿಚಾನೆಲ್ ಪಿಸಿಎಂ ಎಂದು ಬರೆದಿದೆಯೇ ಎಂದು ಹುಡುಕುತ್ತೇನೆ. ಅದಿಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಕಂಪ್ಯೂಟರ್ ಕಡೆಯೂ ಇದೇ ಮೋಸ ಇದೆ. ನನ್ನ ಹಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ಸ್ವಂತ ಸೌಂಡ್ ಇರಲಿಲ್ಲ, ಮದರ್‌ಬೋರ್ಡ್‌ನಿಂದ ಆಪ್ಟಿಕಲ್‌ನ ಅದೇ ಸಿಗ್ನಲ್ ಹೊರುವ ಎರಡು ತಂತಿಯ ಎಸ್‌ಪಿಡಿಐಎಫ್ ಕೇಬಲ್ ಎಳೆದು ಕೊಡಬೇಕಿತ್ತು. ಅಂದರೆ ಹೊರಗೆ ಎಚ್‌ಡಿಎಂಐ, ಒಳಗೆ ಮತ್ತದೇ ಆಪ್ಟಿಕಲ್ ಕಥೆ, ಎರಡೇ ಚಾನೆಲ್. ಕಾರ್ಡ್ ಬದಲಿಸಿದ ಮೇಲೆ ವಿಂಡೋಸ್‌ನಲ್ಲಿ 5.1 ಆಯ್ಕೆ ತಾನಾಗೇ ಕಾಣಿಸಿಕೊಂಡಿತು. ಎಲ್ಲ ಸ್ಪೀಕರ್ ಫುಲ್ ರೇಂಜ್ ಎಂದು ಟಿಕ್ ಮಾಡಿ, ಬೇಸ್ ಕತ್ತರಿಸುವ ಕೆಲಸ ರಿಸೀವರ್‌ಗೆ ಬಿಡಿ. ಎರಡೂ ಕಡೆ ಕತ್ತರಿಸಿದರೆ ಮಧ್ಯೆ ಗುಂಡಿ ಬೀಳುತ್ತದೆ. ಕೋಡಿಯಲ್ಲಿ ಪಾಸ್‌ಥ್ರೂ (ಬಿಚ್ಚದೆ ಹಾಗೇ ಕಳಿಸುವುದು) ಆಫ್, ಸ್ಪೀಕರ್ 5.1. ಅಷ್ಟೇ.

ಹಳೆ ರಿಸೀವರ್ 4ಕೆ ದಾಟಿಸುವುದಿಲ್ಲ. ಹಾಗಾಗಿ ಚಿತ್ರ ಕಾರ್ಡ್‌ನಿಂದ ನೇರ ಟಿವಿಗೆ, ಸದ್ದು ಇನ್ನೊಂದು ಎಚ್‌ಡಿಎಂಐನಿಂದ ರಿಸೀವರ್‌ಗೆ. ಇದರಲ್ಲಿ ಒಂದು ತಮಾಷೆ ಇದೆ. ಕಂಪ್ಯೂಟರ್ ರಿಸೀವರನ್ನೇ ಎರಡನೇ ಮಾನಿಟರ್ ಅಂದುಕೊಳ್ಳುತ್ತದೆ, ಮೌಸ್ ಆ ಇಲ್ಲದ ಪರದೆಗೆ ಓಡಿಹೋಗುತ್ತದೆ. ಮನೆಯಲ್ಲಿ ಎಲ್ಲರೂ “ಮೌಸ್ ಮತ್ತೆ ಕಳೆದುಹೋಯಿತು” ಎಂದು ಕೂಗುವುದೇ ಆಯಿತು. ಆ ಪರದೆಯನ್ನು ಆಫ್ ಮಾಡಿದರೆ ಸದ್ದೂ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಎಳೆದು ಟಿವಿ ಪರದೆಯ ಮೂಲೆಗೆ ಮೂಲೆ ತಾಗುವಂತೆ ಓರೆಯಾಗಿ ಇಡಿ, ಮೌಸ್ ದಾರಿ ತಪ್ಪುವುದು ಹೆಚ್ಚುಕಡಿಮೆ ನಿಲ್ಲುತ್ತದೆ. ಪೂರ್ತಿ ನಿಲ್ಲಿಸುವ ಇನ್ನೊಂದು ಉಪಾಯ ನನ್ನ ಹತ್ತಿರ ಇದೆ, ಅದನ್ನು ಕಂಡುಹಿಡಿಯಲು ನನಗೆ ಎರಡು ವಾರ ಹಿಡಿದಿದೆ, ನೀವೂ ಸ್ವಲ್ಪ ಹುಡುಕಿ.

ರಿಸೀವರ್ ಆನ್ ಮಾಡದೆ ಕಂಪ್ಯೂಟರ್ ಹಚ್ಚಿದರೆ 5.1 ಆಯ್ಕೆ ಮಾಯವಾಗಿ ಸ್ಟೀರಿಯೊಗೆ ಬೀಳುವುದೂ ಇದೆ. ಮೊದಲು ರಿಸೀವರ್, ಆಮೇಲೆ ಕಂಪ್ಯೂಟರ್. ಹಾಡಿನ ಮೊದಲ ಅರ್ಧ ಸೆಕೆಂಡ್ ನುಂಗಿ ಹೋಗುತ್ತಿದ್ದರೆ ಎಚ್‌ಡಿಎಂಐ ಆಡಿಯೊ ನಿದ್ದೆಗೆ ಜಾರಿದೆ ಎಂದರ್ಥ, ಹಿನ್ನೆಲೆಯಲ್ಲಿ ಸದ್ದಿಲ್ಲದ ಒಂದು ಫೈಲ್ ಓಡುತ್ತಿರಲಿ.

ಈಗ ಸ್ಪೀಕರ್. ರಿಸೀವರ್‌ನಲ್ಲಿ ಉಳಿಸಿದ್ದೆಲ್ಲ ಇಲ್ಲಿ ಸುರಿದೆ. ಈಗ ಮನೆಯಲ್ಲಿ ಉಳಿದಿರುವ ಸೆಟ್ಟಿನ ಖರ್ಚು ನೂರು ಅಂತಿಟ್ಟುಕೊಂಡರೆ, ನೆನಪಿನ ಮೇಲೆ ಹೇಳುತ್ತೇನೆ, ಮುಂದಿನ ಎರಡಕ್ಕೆ ಮೂವತ್ತು, ಸೆಂಟರ್ ಒಂದಕ್ಕೇ ಇಪ್ಪತ್ತೈದು, ಸಬ್‌ವೂಫರ್‌ಗೆ ಇಪ್ಪತ್ತೈದು, ರಿಸೀವರ್‌ಗೆ ಹತ್ತೋ ಹನ್ನೊಂದೋ, ಉಳಿದದ್ದು ಹಿಂದಿನ ಜೋಡಿ ಮತ್ತು ವೈರು. ಸೆಂಟರ್‌ಗೆ ಅಷ್ಟೊಂದಾ ಎಂದು ಎಲ್ಲರೂ ಕೇಳಿದರು. ಸಿನಿಮಾದ ಮಾತು ಬಹುಪಾಲು ಬರುವುದು ಅಲ್ಲಿಂದ. ಮಾತು ಕೇಳದೆ ವಾಲ್ಯೂಮ್ ಏರಿಸುವುದು, ಢಂ ಎಂದಾಗ ಇಳಿಸುವುದು, ಇದು ನಮ್ಮ ಮನೆಯಲ್ಲಿ ಈಗ ಇಲ್ಲ. ಹಿಂದಿನವು ಮಾತ್ರ ಯಾವುದಾದರೂ ನಡೆಯುತ್ತದೆ. ವೈರು 1.5 ಚದರ ಮಿಲಿಮೀಟರಿನ ಸಾದಾ ತಾಮ್ರ, ಬಂಗಾರದ ಬಣ್ಣದ ಕೇಬಲ್‌ಗೆ ದುಡ್ಡು ಹಾಕಬೇಡಿ.

ಹಿಂದಿನವು ಯಾವುದಾದರೂ ನಡೆಯುತ್ತದೆ ಎಂದು ಹೇಳಿ ನಾನೇ ಅತಿ ಮಾಡಿದ್ದೆ. ಮನೆಯಲ್ಲಿ ಬಿದ್ದಿದ್ದ 4 ಓಮ್ ಕಾರ್ ಸ್ಪೀಕರ್‌ಗಳನ್ನು ಪ್ಲೈವುಡ್ ಡಬ್ಬದಲ್ಲಿ ಕೂರಿಸಿ ಹಿಂದೆ ಹಾಕಿದೆ. ಒಂದು ಗಂಟೆ ಚೆನ್ನಾಗಿ ನಡೆಯಿತು. ಆಮೇಲೆ ದೊಡ್ಡ ದೃಶ್ಯದ ನಡುವೆ ರಿಸೀವರ್ ಟಕ್ ಎಂದು ಆಫ್. ಮುಟ್ಟಿದರೆ ಮೇಲ್ಭಾಗ ಸುಡುತ್ತಿತ್ತು. ರಿಸೀವರ್ ಹಿಂದೆಯೇ ಬರೆದಿದೆ, 6ರಿಂದ 16 ಓಮ್ ಅಂತ. ಪುಣ್ಯಕ್ಕೆ ಪ್ರೊಟೆಕ್ಷನ್ ಉಳಿಸಿತು. ಆ ಡಬ್ಬಗಳು ಈಗ ಸ್ಟ್ಯಾಂಡ್ ಆಗಿವೆ, ಅವುಗಳ ಮೇಲೆ 8 ಓಮ್‌ನ ಚಿಕ್ಕ ಜೋಡಿ ಕೂತಿದೆ.

ವ್ಯಾಟ್ ನೋಡಿ ಕೊಳ್ಳಬೇಡಿ. ಸದ್ದು 3 ಡೆಸಿಬಲ್ ಏರಬೇಕಾದರೆ ಎರಡರಷ್ಟು ವ್ಯಾಟ್ ಬೇಕು. 86 ಡೆಸಿಬಲ್ ಸೆನ್ಸಿಟಿವಿಟಿಯ (ಒಂದು ವ್ಯಾಟ್‌ಗೆ ಎಷ್ಟು ಸದ್ದು ಎಂಬ ಅಳತೆ) ಸ್ಪೀಕರ್ ಬಿಟ್ಟು 89ರದ್ದು ಕೊಂಡರೆ ಆ ಏರಿಕೆ ಹಾಗೇ ಸಿಗುತ್ತದೆ. ನನ್ನ ಹಳೆ ರಿಸೀವರ್ ಐದೂ ಸ್ಪೀಕರ್‌ಗಳನ್ನು ಉಸಿರು ಕಟ್ಟದೆ ನಡೆಸುವುದು ಅದಕ್ಕೇ.

ಸಬ್‌ವೂಫರ್ ಇಡುವ ಜಾಗಕ್ಕೆ ನಾನು ಹಾಳು ಮಾಡಿದಷ್ಟು ಭಾನುವಾರ ಬೇರೆ ಯಾವುದಕ್ಕೂ ಮಾಡಿಲ್ಲ. ಮೂಲೆಯಲ್ಲಿಟ್ಟಾಗ ಕೆಲವು ಬೇಸ್ ಸ್ವರಗಳು ಮನೆ ನಡುಗಿಸುತ್ತಿದ್ದವು, ಕೆಲವು ಇಲ್ಲವೇ ಇಲ್ಲ. ಕೋಣೆಯ ಉದ್ದ ನಾಲ್ಕೂವರೆ ಮೀಟರ್. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ 38 ಹರ್ಟ್ಜ್, ಈ ಉದ್ದಕ್ಕೆ ಕೋಣೆಯೇ ಹಿಗ್ಗಿಸುವ ಸ್ವರ. ರೂಮ್ ಇಕ್ಯು ವಿಜಾರ್ಡ್ ಎಂಬ ಸದ್ದು ಅಳೆಯುವ ಸಾಫ್ಟ್‌ವೇರ್ ಹಾಕಿ ಮೈಕ್‌ನಲ್ಲಿ ಅಳೆದರೆ ಗುಡ್ಡ ಎದ್ದದ್ದು ಸರಿಯಾಗಿ ಅಲ್ಲೇ, ಹತ್ತು ಡೆಸಿಬಲ್ ಹತ್ತಿರ. ಆಮೇಲೆ ಸಬ್ಬನ್ನು ನಾನು ಕೂರುವ ಸೋಫಾದ ಮೇಲಿಟ್ಟು, ಬೇಸ್ ಹಾಡು ಹಚ್ಚಿ, ನಾನು ನೆಲದ ಮೇಲೆ ಮಂಡಿಯೂರಿ ಗೋಡೆ ಪಕ್ಕ ಹರಿದಾಡಿದೆ. ಎಲ್ಲಿ ಎಲ್ಲ ಸ್ವರ ಸಮ ಕೇಳಿತೋ ಅಲ್ಲಿ ಸಬ್. ನೋಡಿದವರಿಗೆ ಹುಚ್ಚು ಅನ್ನಿಸುತ್ತದೆ, ಬಾಗಿಲು ಹಾಕಿಕೊಂಡು ಮಾಡಿ. ಕ್ರಾಸ್‌ಓವರ್ 80 ಹರ್ಟ್ಜ್, ರಿಸೀವರ್‌ನಲ್ಲಿ ಎಲ್ಲ ಸ್ಪೀಕರ್ “ಸ್ಮಾಲ್”, ಅಂದರೆ ಅದಕ್ಕಿಂತ ಕೆಳಗಿನ ಬೇಸ್ ಸಬ್‌ಗೆ. ಉಳಿದ ಗುಡ್ಡವನ್ನು ಕಂಪ್ಯೂಟರ್‌ನಲ್ಲೇ ಇಕ್ವಲೈಸರ್ ಹಾಕಿ ಕತ್ತರಿಸಿದೆ. ಆ ಅಂಕಿಗಳನ್ನು ಕೊಡುವುದಿಲ್ಲ, ಕೊಟ್ಟರೂ ನಿಮ್ಮ ಕೋಣೆಗೆ ಆಗುವುದಿಲ್ಲ.

ಮೊಟ್ಟೆಯ ಟ್ರೇ ಗೋಡೆಗೆ ಅಂಟಿಸುವ ಪ್ರಯೋಗವನ್ನೂ ಮಾಡಿದ್ದೇನೆ. ಬೇಸ್‌ಗೆ ಏನೂ ಆಗಲಿಲ್ಲ, ಗೋಡೆಯ ಬಣ್ಣ ಮಾತ್ರ ಕಿತ್ತುಬಂತು. ದಪ್ಪ ಪರದೆ, ನೆಲಕ್ಕೊಂದು ಜಮಖಾನೆ, ಇವೆರಡರಿಂದ ಚಪ್ಪಾಳೆ ಹೊಡೆದಾಗಿನ ಟಣ್ ಹೋಯಿತು. ಸ್ಪೀಕರ್‌ಗಳಲ್ಲಿ ಮುಂದಿನವು ಮಧ್ಯದಿಂದ 30 ಡಿಗ್ರಿ, ಹಿಂದಿನವು 110ರ ಆಸುಪಾಸು, ಕಿವಿಗಿಂತ ಒಂದಡಿ ಎರಡಡಿ ಮೇಲೆ. ಒಂದು ವಾರ ಬೇಸ್ ಕಡಿಮೆ ಎಂದು ತಲೆ ಕೆರೆದುಕೊಂಡಿದ್ದೆ, ಎಡ ಸ್ಪೀಕರ್‌ನ ಪ್ಲಸ್ ಮೈನಸ್ ಉಲ್ಟಾ ಇತ್ತು. ಇಷ್ಟು ವರ್ಷದ ಅನುಭವ ಇಟ್ಟುಕೊಂಡು!

ತುಟಿಗೂ ಮಾತಿಗೂ ಹೊಂದಾಣಿಕೆ ಮಾತ್ರ ಚಿತ್ರ, ಸದ್ದು ಪ್ರತ್ಯೇಕ ದಾರಿಯಲ್ಲಿ ಹೋಗುವುದರ ಶಾಪ. ಟಿವಿ ಚಿತ್ರವನ್ನು ಹದಮಾಡುತ್ತಾ ಕೂರುತ್ತದೆ, ಸದ್ದು ಮೊದಲೇ ಬಂದುಬಿಡುತ್ತದೆ. ಟಿವಿಯ ಗೇಮ್ ಮೋಡ್ ಹಾಕಿ, ಕೋಡಿಯಲ್ಲಿ ಆಡಿಯೊ ಆಫ್‌ಸೆಟ್ ಎಂಬತ್ತು ಮಿಲಿಸೆಕೆಂಡ್ ಹತ್ತಿರ ಇಟ್ಟ ಮೇಲೆ ಯಾರೂ ದೂರಿಲ್ಲ.

ಗುಜರಿಗೆ ಹಾಕು ಎಂದವನು ಹೋದ ತಿಂಗಳು ಬಂದು ಎರಡೂವರೆ ಗಂಟೆ ಕೂತು ಒಂದಿಡೀ ಸಿನಿಮಾ ನೋಡಿ ಹೋದ. ಏನೂ ಹೇಳಲಿಲ್ಲ. ಮಾರನೆಯ ದಿನ ಒಂದು ಹಳೆ ರಿಸೀವರ್‌ನ ಫೋಟೊ ಕಳಿಸಿ, “ಇದು ಆಗುತ್ತೇನೋ?” ಎಂದು ಕೇಳಿದ. ಮ್ಯಾನುಯಲ್ ತೆಗೆದು ನೋಡಿದೆ. ಎಚ್‌ಡಿಎಂಐ ಬರೀ ದಾಟಿಸುವಂಥದ್ದು. ಗುಜರಿಗೆ ಹಾಕೋ ಅದನ್ನ, ಎಂದು ಉತ್ತರ ಕಳಿಸಿದೆ.