ಬೆಳಗಿನ ಮಾತ್ರೆಗೆ ಬರೀ ನೀರು, ಅರಿಶಿನಕ್ಕೆ ರಾತ್ರಿಯ ಹಾಲು

ಕಳೆದ ದೀಪಾವಳಿಗೆ ನಮ್ಮ ಮನೆಗೆ ಬಂದಿದ್ದ ತಂಗಿಯ ಮಗಳು ಬೆಳಗ್ಗೆ ಎದ್ದವಳೇ ಒಂದು ಲೋಟ ಬಿಸಿನೀರಿಗೆ ಚಮಚದ ತುಂಬ ಅರಿಶಿನದ ಪುಡಿ ಸುರಿದು, ಕಲಕಿ, ಆ ನೀರಿನಲ್ಲೇ ಥೈರಾಯ್ಡ್ ಮಾತ್ರೆಯನ್ನು ನುಂಗಿದಳು. ಹತ್ತು ನಿಮಿಷ ಕಳೆಯುವುದರೊಳಗೆ ಕಾಫಿಯನ್ನೂ ಕುಡಿದಳು. ಲೋಟದ ತಳದಲ್ಲಿ ಪುಡಿ ಕೆಸರಿನಂತೆ ಕೂತಿತ್ತು. ಇದೇನೆಂದು ಕೇಳಿದರೆ, "ದೊಡ್ಡಮ್ಮ, ಹೀಗೆ ಮೂರು ತಿಂಗಳು ಕುಡಿದರೆ ಮಾತ್ರೆಯನ್ನೇ ಬಿಟ್ಟುಬಿಡಬಹುದಂತೆ" ಎಂದಳು. ಹೇಳಿದವರು ಯಾರೋ, ಕೇಳಿದವಳು ಇವಳು. ಓದಿದ ಹುಡುಗಿ ಮಾತ್ರೆಯನ್ನೂ ಕೆಡಿಸಿಕೊಂಡು ಅರಿಶಿನವನ್ನೂ ಹಾಳುಮಾಡುವುದನ್ನು ಕಣ್ಣಾರೆ ಕಂಡ ಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ.

ಹತ್ತೊಂಬತ್ತು ವರ್ಷಗಳಿಂದ ಅದೇ ಮಾತ್ರೆಯನ್ನು ನುಂಗುತ್ತಿರುವವಳು ನಾನು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯು ಸುರಿಸಬೇಕಾದ ಥೈರಾಕ್ಸಿನ್ ಎಂಬ ಹಾರ್ಮೋನು ಸಾಲದೆ ಹೋದಾಗ ಅದನ್ನೇ ಹೊರಗಿನಿಂದ ತುಂಬಿಕೊಡುವುದು ಆ ಮಾತ್ರೆ. ಅರಿಶಿನದಲ್ಲಿ ಥೈರಾಕ್ಸಿನ್ ಇಲ್ಲ, ಆದ್ದರಿಂದ ಒಂದರ ಜಾಗಕ್ಕೆ ಇನ್ನೊಂದು ಬರಲಾರದು. ಅನೇಕರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬಿದ್ದು ಉರಿಯೂತ ಎಬ್ಬಿಸುವುದರಿಂದ ಈ ಕೊರತೆ ಬರುತ್ತದೆ. ವೈದ್ಯರು ಅದನ್ನು ಹಾಶಿಮೊಟೊ ಎನ್ನುತ್ತಾರೆ. ಅರಿಶಿನದ ಸತ್ವವಾದ ಕರ್ಕ್ಯುಮಿನ್‌ಗೆ ಉರಿಯೂತವನ್ನು ತಗ್ಗಿಸುವ ಗುಣ ಇರುವುದರಿಂದ ಜನ ಅದರ ಮೇಲೆ ಆಸೆ ಇಟ್ಟಿದ್ದಾರೆ. ಆ ಆಸೆಯನ್ನು ನಾನು ಹಳಿಯುವುದಿಲ್ಲ. ನಾನೂ ದಿನವೂ ಅರಿಶಿನದ ಹಾಲು ಕುಡಿಯುತ್ತೇನೆ. ಆದರೆ ಮಾತ್ರೆಯನ್ನು ಬಿಡದೆ, ಬೇರೆ ಹೊತ್ತಿನಲ್ಲಿ ಕುಡಿಯುತ್ತೇನೆಯೇ ಹೊರತು ಮಾತ್ರೆಯ ಬದಲಿಗೆ ಅಲ್ಲ.

ಬೆಳಗಿನ ಕ್ರಮವನ್ನು ಮೊದಲು ಸರಿಪಡಿಸಿಕೊಳ್ಳಿ. ಬರೀ ಹೊಟ್ಟೆಯಲ್ಲಿ, ಬರೀ ನೀರಿನಲ್ಲಿ ಮಾತ್ರೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿಯನ್ನೂ ಹಾಲನ್ನೂ ಮುಟ್ಟಬಾರದು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗಾದರೆ ನಾಲ್ಕು ಗಂಟೆಯ ಅಂತರ ಬೇಕು, ಏಕೆಂದರೆ ಅವು ಥೈರಾಕ್ಸಿನ್ ರಕ್ತಕ್ಕೆ ಸೇರದಂತೆ ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತವೆ. ಡಿಕಾಕ್ಷನ್ನಿನ ಪರಿಮಳ ಮನೆಯೆಲ್ಲ ಹರಡಿರುವಾಗ ಒಂದು ಗಂಟೆ ಕಾಯುವುದು ಎಷ್ಟು ಕಷ್ಟವೆಂಬುದು ನನಗೆ ಗೊತ್ತು. ಅದಕ್ಕೇ ನಾನು ಮಾತ್ರೆಯನ್ನು ಹಾಸಿಗೆಯ ಪಕ್ಕದಲ್ಲಿ ಚೊಂಬಿನ ಜೊತೆ ಇಟ್ಟುಕೊಂಡು, ಎಚ್ಚರವಾದ ಕೂಡಲೇ ನುಂಗಿ, ಆಮೇಲೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡಲು ಹೋಗುತ್ತೇನೆ.

ಇನ್ನು ಅರಿಶಿನದ ಮಾತು. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಲೋಟದ ತಳದ ಆ ಕೆಸರಿಗೆ ಕಾರಣ ಅದೇ. ಜಿಡ್ಡಿದ್ದರೂ ಮೈಗೆ ಹತ್ತುವುದು ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನಲ್ಲಿರುವ ಪೈಪರೀನ್ ಎಂಬ ಅಂಶವನ್ನು 20 ಮಿಲಿಗ್ರಾಂ ಕೊಟ್ಟಾಗ, ಅದು ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಹೆಚ್ಚಾಗಿತ್ತು. ನಮ್ಮ ಅಜ್ಜಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಆದರೆ ಅವರು ಮೆಣಸು ಕುಟ್ಟಿ ಹಾಕದೆ, ತುಪ್ಪ ತೋರಿಸದೆ ಅರಿಶಿನದ ಹಾಲನ್ನು ಎಂದೂ ಕೊಡಲಿಲ್ಲ.

ಆ ಹಾಲನ್ನು ಮಾಡುವುದರಲ್ಲೇ ನೀವೆಲ್ಲರೂ ಅವಸರ ಪಡುತ್ತೀರಿ. ಕುದಿಯುವ ಹಾಲಿಗೆ ಹಸಿ ಪುಡಿಯನ್ನು ಉದುರಿಸಬಾರದು. ಒಗ್ಗರಣೆ ಸೌಟಿನಲ್ಲಿ ಅಡಿಕೆ ಗಾತ್ರದ ತುಪ್ಪ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ತುಪ್ಪ ಬಿಸಿಯಾಗಿ ಇನ್ನೂ ಹೊಗೆಯಾಡದಿರುವಾಗಲೇ ಸೌಟನ್ನು ಒಲೆಯಿಂದ ಕೆಳಗಿಳಿಸಬೇಕು, ಇಳಿಸಿದ ಮೇಲೆಯೇ ಅರಿಶಿನ ಹಾಕಬೇಕು. ಉರಿಯ ಮೇಲೆ ಹಾಕಿದರೆ ಕಣ್ಣು ಮಿಟುಕಿಸುವುದರೊಳಗೆ ಸೀದು ಕಹಿಯಾಗುತ್ತದೆ. ಮೂರು ಬೆರಳಿಗೆ ಬಂದಷ್ಟು ಪುಡಿ ಸಾಕು. ಸೌಟನ್ನು ಮೆಲ್ಲಗೆ ಅಲುಗಿಸುತ್ತ ನೋಡುತ್ತಿದ್ದರೆ ಅಂಚಿನಲ್ಲಿ ಸಣ್ಣ ನೊರೆ ಎದ್ದು, ನಿಂಬೆಹಣ್ಣಿನ ಬಣ್ಣ ತಿರುಗಿ ಕಿತ್ತಳೆಯ ಕಡೆಗೆ ವಾಲುತ್ತದೆ. ಮಣ್ಣಿನಂಥ ಹಸಿ ವಾಸನೆ ಹೋಗಿ ಹುರಿದ ಘಮಲು ಮೂಗಿಗೆ ಬರುತ್ತದೆ. ಆ ಕ್ಷಣದಲ್ಲಿ, ಆಗಷ್ಟೇ ಕುಟ್ಟಾಣಿಯಲ್ಲಿ ತರಿಯಾಗಿ ಕುಟ್ಟಿದ ನಾಲ್ಕೈದು ಕಾಳು ಮೆಣಸನ್ನು ಹಾಕಿ. ತಿಂಗಳಗಟ್ಟಲೆ ಡಬ್ಬಿಯಲ್ಲಿ ಕೂತ ಮೆಣಸಿನ ಪುಡಿಗೆ ಘಾಟೂ ಇರುವುದಿಲ್ಲ, ಸತ್ವವೂ ಇರುವುದಿಲ್ಲ. ಎರಡು ಚಮಚ ಬಿಸಿ ಹಾಲನ್ನು ಸೌಟಿಗೇ ಹಾಕಿ ಗಂಟಿಲ್ಲದಂತೆ ಕಲಕಿ, ಆಮೇಲೆ ಅದನ್ನು ಲೋಟದ ಹಾಲಿಗೆ ಸುರಿಯಿರಿ. ಮೇಲೆ ಹಳದಿ ಜಿಡ್ಡಿನ ಚುಕ್ಕೆಗಳು ತೇಲಬೇಕು. ತೇಲದಿದ್ದರೆ ತುಪ್ಪ ಸಾಲದೆಂದು ತಿಳಿಯಿರಿ. ಇದನ್ನು ಕುಡಿಯುವುದು ರಾತ್ರಿ ಊಟವಾದ ಮೇಲೆ, ಮಾತ್ರೆಯ ಹೊತ್ತಿಗೆ ಆದಷ್ಟೂ ದೂರದಲ್ಲಿ.

ಅರಿಶಿನವೇ ಕಲಬೆರಕೆಯಾಗಿದ್ದರೆ ಇಷ್ಟು ಮಾಡಿಯೂ ಪ್ರಯೋಜನವಿಲ್ಲ. ಗುಂಡ್ಲುಪೇಟೆಯ ಕಡೆಯ ನಮ್ಮ ತಾತನ ಹೊಲದಲ್ಲಿ ಅರಿಶಿನ ಕಿತ್ತ ಮೇಲೆ ದೊಡ್ಡ ಕೊಪ್ಪರಿಗೆಯಲ್ಲಿ ಬೇಯಿಸುತ್ತಿದ್ದರು. ನೊರೆ ಉಕ್ಕಿ ಬಿಳಿ ಹಬೆ ಎದ್ದು ಘಾಟು ಬಂದಾಗ ಕಡ್ಡಿ ಚುಚ್ಚಿ ನೋಡಿ ಇಳಿಸುತ್ತಿದ್ದರು. ಕಣದಲ್ಲಿ ಹತ್ತು ಹದಿನೈದು ದಿನ ಒಣಗಿದ ಕೊಂಬನ್ನು ತಾತ ಮುರಿದರೆ ಲೋಹದ ಹಾಗೆ 'ಟಣ್' ಎನ್ನಬೇಕಿತ್ತು, ಇಲ್ಲದಿದ್ದರೆ ಮತ್ತೆ ಬಿಸಿಲಿಗೆ. ಇಂದಿಗೂ ನಾನು ಕೊಂಬನ್ನೇ ತಂದು, ಕುಟ್ಟಿ, ಗಿರಣಿಯಲ್ಲಿ ಬೀಸಿಸುತ್ತೇನೆ. ಕಣ್ಣು ಕೋರೈಸುವ ಹಳದಿ ಕೊಂಬನ್ನು ಕೊಳ್ಳಬೇಡಿ. ಹೊಳಪಿಗಾಗಿ ಲೆಡ್ ಕ್ರೋಮೇಟ್ ಎಂಬ ಸೀಸದ ಬಣ್ಣ ಬಳಿಯುವವರಿದ್ದಾರೆ. ಕೊಂಬನ್ನು ನೀರಿನಲ್ಲಿ ಹಾಕಿದ ಕೂಡಲೇ ನೀರು ಹಳದಿಯಾದರೆ ಅದನ್ನು ಅಡುಗೆಗೆ ತರಬೇಡಿ. ಕಸ್ತೂರಿ ಅರಿಶಿನ ಮೈಗೆ ಹಚ್ಚುವುದಕ್ಕೆ, ಕುಡಿಯುವುದಕ್ಕಲ್ಲ.

ಬೀಸಿದ ಪುಡಿಯನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಕಿಟಕಿಯ ಬಳಿ ಚೆಂದಕ್ಕೆ ಜೋಡಿಸುವುದನ್ನೂ ನೋಡಿದ್ದೇನೆ. ಬೆಳಕು ಬಿದ್ದರೆ ಅರಿಶಿನದ ಬಣ್ಣ ಸಾಯುತ್ತದೆ. ಬಿಳಿ ಬಟ್ಟೆಗೆ ಅರಿಶಿನದ ಕಲೆಯಾದಾಗ ಸಾಬೂನು ಹಚ್ಚಿ, ಅದು ಕೆಂಪಗಾಯಿತೆಂದು ಗಾಬರಿಯಾಗಿ ಬ್ರಷ್ಷಿನಲ್ಲಿ ತಿಕ್ಕಿ ಬಟ್ಟೆ ಹರಿಯುವವರಿಗೆ ಇದೇ ಮಾತನ್ನು ಹೇಳುತ್ತೇನೆ: ಸಾಬೂನಿನ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ, ಓಕುಳಿಗೆ ಸುಣ್ಣ ಬೆರೆಸಿದಾಗ ಆಗುವಂತೆ, ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹರಡಿದರೆ ಎರಡು ದಿನದಲ್ಲಿ ಕಲೆ ತಾನಾಗಿ ಮಾಸುತ್ತದೆ. ಬಟ್ಟೆಗೆ ಒಳ್ಳೆಯದಾದ ಬಿಸಿಲು ಪುಡಿಗೆ ಕೆಟ್ಟದ್ದು, ಆದ್ದರಿಂದ ಪುಡಿಯನ್ನು ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ.

ನೂರು ಗ್ರಾಂ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಮೂರು ಗ್ರಾಂ ಆಸುಪಾಸು. ಚಿಟಿಕೆ ಅರಿಶಿನ ಸಾಲದೆಂದು ಕರ್ಕ್ಯುಮಿನ್ ಕ್ಯಾಪ್ಸೂಲ್ ನುಂಗುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಮೆಣಸಿನ ಸಾರ ಬೆರೆಸಿದ ಅಂಥ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿ ಇವೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲೋ ಮೂತ್ರಪಿಂಡದಲ್ಲೋ ಕಲ್ಲಿರುವವರು, ರಕ್ತಹೀನತೆ ಇರುವವರು ವೈದ್ಯರನ್ನು ಕೇಳದೆ ಅಡುಗೆಯಲ್ಲಿ ಬೀಳುವುದಕ್ಕಿಂತ ಹೆಚ್ಚು ಅರಿಶಿನ ಸೇವಿಸಬಾರದು. ಬಸುರಿಯರು ಕ್ಯಾಪ್ಸೂಲಿನ ಹತ್ತಿರವೂ ಹೋಗಬಾರದು, ಥೈರಾಯ್ಡ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು. ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಬೆಳೆಯುವುದು ತಾಯಿಯ ಥೈರಾಕ್ಸಿನ್ನನ್ನು ನೆಚ್ಚಿಕೊಂಡು.

ಹಬ್ಬ ಕಳೆದ ಮೇಲೆ ತಂಗಿಯ ಮಗಳ ರಕ್ತ ಪರೀಕ್ಷೆ ಮಾಡಿಸಿದಾಗ, ಥೈರಾಕ್ಸಿನ್ ಕಡಿಮೆಯಾದಷ್ಟೂ ಏರುವ, ಹಿಂದೆ 3ರ ಆಸುಪಾಸಿನಲ್ಲಿದ್ದ ಟಿಎಸ್‌ಎಚ್ 9 ದಾಟಿತ್ತು. ಮಾತ್ರೆಯ ಪ್ರಮಾಣವನ್ನು ಹೆಚ್ಚಿಸುವ ಮೊದಲು ಅದನ್ನು ಹೇಗೆ ನುಂಗುತ್ತಿದ್ದೀಯೆಂದು ವೈದ್ಯರು ಕೇಳಿದರಂತೆ. ಬೆಳಗಿನ ಅರಿಶಿನದ ನೀರನ್ನೂ ಅವಸರದ ಕಾಫಿಯನ್ನೂ ಬಿಟ್ಟು, ಅದೇ ಪ್ರಮಾಣದ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಿ, ಆರು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಲು ಹೇಳಿದ್ದಾರೆ. ಊರಿಗೆ ಹೊರಟವಳ ಚೀಲದಲ್ಲಿ ನಾನು ಒಂದು ಡಬ್ಬಿ ಅರಿಶಿನ, ಒಂದು ಹಿಡಿ ಕಾಳುಮೆಣಸು ಮತ್ತು ನನ್ನ ಹಳೆಯ ಒಗ್ಗರಣೆ ಸೌಟನ್ನು ಇಟ್ಟು ಕಳಿಸಿದ್ದೇನೆ.