ಗುಂಟೆ ಲೆಕ್ಕ: ನಲವತ್ತಾದರೆ ಕೈಯಲ್ಲಿ ಒಂದು

ನಾಲ್ವರು ಅಣ್ಣತಮ್ಮಂದಿರು ಐದು ಎಕರೆ ಹೊಲಕ್ಕೆ ವಿಭಾಗ ಪತ್ರ ಬರೆಸಲು ನನ್ನ ಮೇಜಿನ ಮುಂದೆ ಕುಳಿತಿದ್ದರು. ಅವರು ತಂದ ಚೀಟಿಯಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆಯೂ ‘1 ಎಕರೆ 25 ಗುಂಟೆ’ ಎಂದಿತ್ತು. ಮೊಬೈಲ್‌ನಲ್ಲಿ ಐದನ್ನು ನಾಲ್ಕರಿಂದ ಭಾಗಿಸಿದ್ದರು, 1.25 ಬಂದಿತ್ತು, ಚುಕ್ಕಿಯ ಆಚೆಗಿದ್ದದ್ದನ್ನು ಗುಂಟೆ ಎಂದು ಓದಿಕೊಂಡಿದ್ದರು. ನಾಲ್ಕು ಪಾಲನ್ನೂ ಕೂಡಿಸಿ ತೋರಿಸಿದೆ: 6 ಎಕರೆ 20 ಗುಂಟೆ. ಇರುವುದು ಐದೇ ಎಕರೆ. ಒಬ್ಬರಿಗೆ ಬರುವುದು 1 ಎಕರೆ 10 ಗುಂಟೆ ಎಂದಾಗ ಕಿರಿಯವನ ಮುಖ ಬಾಡಿತು. ಆ ಹದಿನೈದು ಗುಂಟೆಯಲ್ಲಿ ಏನು ಹಾಕಬೇಕೆಂದು ಅವನು ಆಗಲೇ ಯೋಚಿಸಿಬಿಟ್ಟಿದ್ದ.

ಪತ್ರ ಬರಹಗಾರನಾಗಿ ನಾನು ಬಂದವರಿಗೆಲ್ಲ ಮೊದಲು ಹೇಳುವುದು ಇದನ್ನೇ: ನೆಲ ಹತ್ತರ ಲೆಕ್ಕದಲ್ಲಿಲ್ಲ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ರೂಪಾಯಿಯ ಆಣೆ 1957ರಲ್ಲಿ ನಯಾಪೈಸೆ ಬಂದಾಗ ಲೆಕ್ಕದಿಂದ ಹೊರಬಿತ್ತು, ಹೊಲದ ಆಣೆ ಉಳಿದುಕೊಂಡಿತು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ. ಮೂವತ್ತು-ನಲವತ್ತರ ಸೈಟು ಅದಕ್ಕಿಂತ ತುಸು ದೊಡ್ಡದು. ಒಂದು ಆಣೆ ಸುಮಾರು 68 ಚದರ ಅಡಿ, ಒಂದು ಸಣ್ಣ ಕೋಣೆಯಷ್ಟು.

ಬರೆಯುವಾಗ ಚುಕ್ಕಿ ಬೇಡ, ಅಡ್ಡಗೆರೆ ಹಾಕಿ: 4-28, ಅಂದರೆ 4 ಎಕರೆ 28 ಗುಂಟೆ. ಐದು ಗುಂಟೆಯನ್ನು 05 ಎಂದೇ ಬರೆಯಿರಿ. ಒಂದೂವರೆ ಎಕರೆ 1-20, ಅದನ್ನು 1.5 ಎಂದು ಬರೆದಿಟ್ಟರೆ ನಾಳೆ ಯಾರಾದರೂ ಒಂದು ಎಕರೆ ಐದು ಗುಂಟೆ ಎಂದು ಓದುತ್ತಾರೆ.

ಕೂಡುವಾಗ ಬಲಗಡೆಯಿಂದ ಹೊರಡಿ. ಒಂದು ಸರ್ವೆ ನಂಬರಿನಲ್ಲಿ 4-28, ಇನ್ನೊಂದರಲ್ಲಿ 2-35 ಇದೆ ಎನ್ನಿ. ಗುಂಟೆಗಳು 28 ಮತ್ತು 35 ಸೇರಿ 63. ಅದರಲ್ಲಿ ಒಂದು ನಲವತ್ತು ತೆಗೆದರೆ ಉಳಿಯುವುದು 23, ಕೈಯಲ್ಲಿ ಒಂದು ಎಕರೆ. ಒಟ್ಟು 7-23. ಇದರಲ್ಲಿ 7 ಗುಂಟೆ ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ, ಇದ್ದರೆ ಹಂಚುವ ಮೊದಲೇ ಅದನ್ನು ಕಳೆಯಿರಿ: 7-16. ಕಳೆಯುವಾಗ ಸಾಲದೆ ಬಂದರೆ ಪಕ್ಕದ ಮನೆಯಿಂದ ತರುವುದು ಹತ್ತನ್ನಲ್ಲ, ನಲವತ್ತನ್ನು. ಇದೇ 7-16ರಲ್ಲಿ 2-30 ಮಾರಿದರೆ, ಹದಿನಾರರಲ್ಲಿ ಮೂವತ್ತು ಹೋಗದು. ಒಂದು ಎಕರೆ ಒಡೆದು 56 ಮಾಡಿಕೊಳ್ಳಿ, ಉಳಿಯುವುದು 4-26.

ಭಾಗಾಕಾರದಲ್ಲಿ ಮಾತ್ರ ನಿಧಾನವಾಗಿ ಹೋಗಬೇಕು, ಜಗಳ ಹುಟ್ಟುವುದು ಅಲ್ಲಿಯೇ. 7-16 ನೆಲವನ್ನು ಅಕ್ಕ, ಅಣ್ಣ, ತಮ್ಮ ಮೂವರಿಗೆ ಹಂಚೋಣ. ಏಳು ಎಕರೆಯಲ್ಲಿ ತಲೆಗೆ ಎರಡು, ಉಳಿದದ್ದು ಒಂದು. ಅದನ್ನು ನಲವತ್ತು ಗುಂಟೆ ಮಾಡಿ ಹದಿನಾರಕ್ಕೆ ಸೇರಿಸಿದರೆ 56. ತಲೆಗೆ 18 ಗುಂಟೆ, ಉಳಿದದ್ದು ಎರಡು ಗುಂಟೆ. ಎರಡು ಗುಂಟೆ ಎಂದರೆ 32 ಆಣೆ. ತಲೆಗೆ ಹತ್ತು, ಉಳಿದದ್ದು ಎರಡು ಆಣೆ. ಆ ಎರಡನ್ನು ಪತ್ರದಲ್ಲಿ ‘ಸುಮಾರು’ ಎಂದು ತೇಲಿಸಬಾರದು. ಇಬ್ಬರಿಗೆ 2-18-11, ಒಬ್ಬರಿಗೆ 2-18-10 ಎಂದು ಸ್ಪಷ್ಟವಾಗಿ ಬರೆಯಬೇಕು. ಯಾರಿಗೆ ಕಡಿಮೆ ಎಂಬುದನ್ನು ಅವರೇ ಮೂವರು ಕೂತು ಒಪ್ಪಲಿ. ನಾನು ಬಾಯಿ ಹಾಕುವುದಿಲ್ಲ. ಬರೆದ ಮೇಲೆ ಮೂರನ್ನೂ ಕೂಡಿ ನೋಡಿ: ಆಣೆ 32, ಅಂದರೆ 2 ಗುಂಟೆ, ಗುಂಟೆ 54ಕ್ಕೆ ಅದು ಸೇರಿ 56, ಅಂದರೆ 1-16, ಎಕರೆ ಆರಕ್ಕೆ ಒಂದು. 7-16. ಈ ತಾಳೆ ಸಿಗದೆ ನಾನು ಛಾಪಾ ಕಾಗದ ಮುಟ್ಟುವುದಿಲ್ಲ.

ಈಗ ಮೊಬೈಲ್ ಹಿಡಿದು ಹೊಲ ಸುತ್ತಿ ‘2.18 ಎಕರೆ’ ಎಂದು ಬರುವವರಿದ್ದಾರೆ. ಅದು ದಶಮಾಂಶ. ಚುಕ್ಕಿಯ ಆಚೆಗಿನ 0.18ನ್ನು ನಲವತ್ತರಿಂದ ಗುಣಿಸಿ: 7.2 ಗುಂಟೆ. ಉಳಿದ 0.2ನ್ನು ಹದಿನಾರರಿಂದ ಗುಣಿಸಿ: ಮೂರು ಆಣೆ ಚಿಲ್ಲರೆ. ಅದು 2-07-3, 2-18 ಅಲ್ಲ.

ಇಷ್ಟು ಕೈಗೆ ಹತ್ತಿದವರಿಗೆ ಸರಪಳಿ ಲೆಕ್ಕ ಹೇಳಿಕೊಡುವುದೆಂದರೆ ನನಗೆ ಬಲು ಇಷ್ಟ. ಮೋಜಣಿಯ, ಅಂದರೆ ನೆಲ ಅಳೆಯುವ, ಸರಪಳಿ 33 ಅಡಿ. ಅದಕ್ಕೂ ಹದಿನಾರು ಆಣೆ, ಆದರೆ ಇದು ಉದ್ದದ ಆಣೆ. ಸರಪಳಿಯನ್ನು ಸರಪಳಿಯಿಂದ ಗುಣಿಸಿದರೆ ನೇರ ಗುಂಟೆ. ಸರಪಳಿಯನ್ನು ಆಣೆಯಿಂದ ಗುಣಿಸಿದರೆ ನೆಲದ ಆಣೆ. ಆಣೆಯನ್ನು ಆಣೆಯಿಂದ ಗುಣಿಸಿ ಬಂದದ್ದರಲ್ಲಿ ಹದಿನಾರಕ್ಕೆ ಒಂದು ನೆಲದ ಆಣೆ. ಚೌಕಟ್ಟಾದ ಹೊಲವೊಂದು 5 ಸರಪಳಿ 8 ಆಣೆ ಅಗಲ, 12 ಸರಪಳಿ 4 ಆಣೆ ಉದ್ದ ಇದೆ. ಐದು ಹನ್ನೆರಡಲಿ ಅರವತ್ತು ಗುಂಟೆ. ಐದು ನಾಲ್ಕಲಿ ಇಪ್ಪತ್ತು ಆಣೆ, ಅಂದರೆ 1 ಗುಂಟೆ 4 ಆಣೆ. ಎಂಟು ಹನ್ನೆರಡಲಿ ತೊಂಬತ್ತಾರು ಆಣೆ, ಸರಿಯಾಗಿ 6 ಗುಂಟೆ. ಎಂಟು ನಾಲ್ಕಲಿ ಮೂವತ್ತೆರಡು, ಅದು ಎರಡೇ ಆಣೆ. ಒಟ್ಟು 67 ಗುಂಟೆ 6 ಆಣೆ. ನಲವತ್ತು ತೆಗೆಯಿರಿ: 1-27-6. ಒಂದು ಪೆನ್ನು, ಚೀಟಿಯ ಹಿಂಬದಿ ಇದ್ದರೆ ಬದುವಿನ ಮೇಲೆ ನಿಂತೇ ಇದನ್ನು ಮಾಡಬಹುದು.